ಅರವತ್ತರ ಮೇಲೆ ಕಿರಾಯಿ ಮನಿ

ಬೀದರದಲ್ಲಿ ಬಾಡಿಗೆ ಎನ್ನುವವರು ಕಡಿಮೆ, ಕಿರಾಯಿ ಎನ್ನುತ್ತಾರೆ. ‘ಸ್ವಂತ ಮನಿ ಅದಾನೋ, ಕಿರಾಯಿದೋ?’ ಎಂಬ ಪ್ರಶ್ನೆ ಹೊಸ ಪರಿಚಯದಲ್ಲೂ ಬರುತ್ತದೆ, ಬೀಗತನದ ಮಾತಿನಲ್ಲೂ ಬರುತ್ತದೆ. ನೌಕರಿಯಲ್ಲಿ ಇರುವವರೆಗೆ ಈ ಪ್ರಶ್ನೆಗೆ ಉತ್ತರ ಸುಲಭ. ಇವತ್ತು ಔರಾದ, ನಾಳೆ ಭಾಲ್ಕಿ, ವರ್ಗದ ನೌಕರಿಯವರಿಗೆ ಕಿರಾಯಿ ಮನೆಯೇ ಚಲೋ ಎಂದರೆ ಮುಗಿಯಿತು. ಅರವತ್ತು ತುಂಬಿ, ಶಾಲು ಹೊದಿಸಿಕೊಂಡು, ಫಲ ತಾಂಬೂಲ ಹಿಡಿದು ಮನೆಗೆ ಬಂದ ಮರುದಿನದಿಂದ ಆ ಉತ್ತರ ನಡೆಯುವುದಿಲ್ಲ. ಇನ್ನು ವರ್ಗವಿಲ್ಲ, ಸಂಬಳವಿಲ್ಲ. ಕಿರಾಯಿ ಮಾತ್ರ ಇದೆ.

ನಿವೃತ್ತರ ಟ್ರಂಕಿನಲ್ಲಿರುವ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಮಸ್ಯೆಯ ಬೇರು ಕಾಣುತ್ತದೆ. ಒಂದು ಕೊನೆಯ ತಿಂಗಳ ಸಂಬಳದ ಚೀಟಿ. ಅದರಲ್ಲಿ ಮೂಲ ವೇತನ, ತುಟ್ಟಿಭತ್ಯೆ, ಕೆಳಗೆ ಮನೆ ಬಾಡಿಗೆ ಭತ್ಯೆ. ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದ ಮೇಲೆ ಈ ಭತ್ಯೆ ದೊಡ್ಡ ನಗರಕ್ಕೆ ಮೂಲ ವೇತನದ ಶೇ. 20, ಮಧ್ಯಮ ನಗರಕ್ಕೆ ಶೇ. 15, ಉಳಿದ ಊರುಗಳಿಗೆ ಶೇ. 7.5. ನಮ್ಮ ಬೀದರ, ಭಾಲ್ಕಿ, ಔರಾದ ಮೂರೂ ಕೊನೆಯ ಸಾಲಿನವು. 70,000 ರೂಪಾಯಿ ಮೂಲ ವೇತನದ ಹೈಸ್ಕೂಲು ಮಾಸ್ತರರಿಗೆ ತಿಂಗಳಿಗೆ 5,250 ರೂಪಾಯಿ ಮನೆಯ ಹೆಸರಿನಲ್ಲಿ ಬರುತ್ತಿತ್ತು. ಇನ್ನೊಂದು ಪಿಂಚಣಿಯ ಮೊದಲ ಕಾಗದ. ಮೂಲ ಪಿಂಚಣಿ ಕೊನೆಯ ವೇತನದ ಅರ್ಧ, 35,000. ತುಟ್ಟಿಭತ್ಯೆಯ ಸಾಲು ಇದೆ. ಮನೆ ಬಾಡಿಗೆ ಭತ್ಯೆಯ ಸಾಲು ಇಲ್ಲ. ಆದಾಯ ಅರ್ಧಕ್ಕೆ ಇಳಿದ ದಿನವೇ ಮನೆಯ ನೆರವೂ ನಿಲ್ಲುತ್ತದೆ. ದುಡಿಯುವವನಿಗೆ ಬಾಡಿಗೆ ಖರ್ಚು ಇರುತ್ತದೆ, ದುಡಿಮೆ ಮುಗಿದವನಿಗೆ ಸ್ವಂತ ಮನೆ ಇರುತ್ತದೆ ಎಂದು ನಂಬಿಕೊಂಡೇ ಈ ಲೆಕ್ಕ ಬರೆದಿದ್ದಾರೆ.

ಆ ನಂಬಿಕೆ ಒಂದು ಕಾಲಕ್ಕೆ ಸುಳ್ಳಾಗಿರಲಿಲ್ಲ. ಬೀದರ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಪಿಂಚಣಿಗೆ ಆಗಿನ ಉರ್ದು ದಫ್ತರಿನ ಹೆಸರು ವಜೀಫಾ. ಮಾಸ್ತರಿಕೆಯೋ ಇನ್ನಾವುದೋ ಸರ್ಕಾರಿ ನೌಕರಿಯೋ ಮುಗಿಸಿದವರು ವಜೀಫಾ ಹಿಡಿದು ಊರಿಗೆ ಮರಳುತ್ತಿದ್ದರು. ಊರಿನಲ್ಲಿ ಮಣ್ಣಿನ ಮಾಳಿಗೆ, ಪಡಸಾಲೆ, ದನದ ಕೊಟ್ಟಿಗೆ, ನಾಲ್ಕು ಎಕರೆ ಹೊಲ ಇರುತ್ತಿತ್ತು. ಬೀದರದ ಖೋಲಿ ನೌಕರಿ ಇರುವತನಕದ ಬಿಡಾರ, ಅಷ್ಟೇ. ಇವತ್ತು ಆ ಮಾಳಿಗೆ ಮೂರು ಅಣ್ಣತಮ್ಮಂದಿರ ಪಾಲಾಗಿದೆ. ಒಂದು ಪಾಲಿನ ಗೋಡೆ ಮಳೆಗೆ ಕುಸಿದಿದೆ, ಇನ್ನೊಂದರಲ್ಲಿ ತಮ್ಮನ ಮಕ್ಕಳು ಸಂಸಾರ ಹೂಡಿದ್ದಾರೆ. ಮೂವತ್ತು ವರ್ಷ ಹೊರಗಿದ್ದು ಬಂದವರು ‘ನನ್ನ ಪಾಲು ಬಿಡಿಸಿಕೊಡು’ ಎಂದು ಬಾಯಿ ತೆರೆಯುವುದು ಕಷ್ಟ. ತೆರೆದರೂ ಸಿಗುವುದು ಎರಡು ಅಂಕಣದ ಜಾಗ. ಅದನ್ನು ಎಬ್ಬಿಸಿ ನಿಲ್ಲಿಸಲು ಮತ್ತೆ ಆರೇಳು ಲಕ್ಷ ಬೇಕು. ಮೇಲಾಗಿ ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿನೋವು ಜತೆಗೂಡಿ ಬಂದಿರುತ್ತವೆ. ದವಾಖಾನೆ ಇರುವ ಊರು ಬಿಟ್ಟು ಹೋಗಲು ಹೆಂಡತಿಗೂ ಧೈರ್ಯವಿರುವುದಿಲ್ಲ, ಮಕ್ಕಳಿಗೂ ಇರುವುದಿಲ್ಲ. ಹೀಗೆ ಊರಿನ ಮನೆ ಹೆಸರಿಗೆ ಉಳಿದು, ಇರಲು ಕಿರಾಯಿ ಮನೆಯೇ ಗತಿಯಾಗುತ್ತದೆ.

ನಿವೃತ್ತರು ಎಂದರೆ ಎಲ್ಲರೂ ಒಂದೇ ತೂಕದವರಲ್ಲ. ಬೀದರದ ನಿವೃತ್ತರಲ್ಲಿ ಕಡೇಪಕ್ಷ ನಾಲ್ಕು ಪಂಗಡ ಕಾಣುತ್ತದೆ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಭಾರಿ ಅಂತರವಿದೆ.

ಹಳೆ ಪಿಂಚಣಿಯವರು ಸ್ವಲ್ಪ ಗಟ್ಟಿ. ರಾಜ್ಯದಲ್ಲಿ ಈಗ ಕನಿಷ್ಠ ಪಿಂಚಣಿ 13,500, ವರ್ಷಕ್ಕೆರಡು ಸಲ ತುಟ್ಟಿಭತ್ಯೆ ಪರಿಷ್ಕರಣೆಯೂ ಉಂಟು. ಆದರೆ ಮಗಳ ಮದುವೆಗೋ ಮಗನ ಕಾಲೇಜಿಗೋ ಮೂರನೇ ಒಂದು ಪಾಲು ಪಿಂಚಣಿಯನ್ನು ಪರಿವರ್ತನೆ ಮಾಡಿಕೊಂಡು ಒಟ್ಟಿಗೆ ಹಣ ತೆಗೆದಿದ್ದರೆ, ಹದಿನೈದು ವರ್ಷ ಆ ಪಾಲು ಮೂಲ ಪಿಂಚಣಿಯಿಂದ ಕಡಿತ. 35,000 ಎಂದುಕೊಂಡದ್ದು 23,300ರ ಹತ್ತಿರ ಬರುತ್ತದೆ. ಎರಡನೆಯವರು 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರು, ಅವರದು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್. ಕೂಡಿಟ್ಟ ಗಂಟಿನಲ್ಲಿ ಶೇ. 60 ಕೈಗೆ ಬರುತ್ತದೆ, ಉಳಿದ ಶೇ. 40ರಲ್ಲಿ ವಿಮಾ ಕಂಪನಿಯಿಂದ ವರ್ಷಾಸನ ಕೊಳ್ಳಬೇಕು. ಗಂಟು 40 ಲಕ್ಷ ಎಂದು ಹಿಡಿಯೋಣ. ವರ್ಷಾಸನಕ್ಕೆ ಹೋಗುವುದು 16 ಲಕ್ಷ. ಅದಕ್ಕೆ ಶೇ. 6.5ರಂತೆ ತಿಂಗಳಿಗೆ 8,700 ರೂಪಾಯಿ ಆಗಬಹುದು. ತುಟ್ಟಿಭತ್ಯೆ ಇಲ್ಲ. ಇವತ್ತಿನ 8,700 ಇಪ್ಪತ್ತು ವರ್ಷದ ಮೇಲೂ 8,700. ಹಳೆ ಪಿಂಚಣಿಗಾಗಿ ನೌಕರರು ಬೀದಿಗಿಳಿದಾಗ ‘ಇವರಿಗೆ ಏನು ಕಡಿಮೆಯಾಗಿದೆ’ ಎಂದು ಕೇಳುವವರು ಈ ಅಂಕಿಯ ಪಕ್ಕದಲ್ಲಿ ಒಂದು ಬಾಡಿಗೆ ಚೀಟಿ ಇಟ್ಟು ನೋಡಬೇಕು.

ಮೂರನೆಯವರ ಮಾತು ಎತ್ತಿದರೆ ನನಗೆ ಸಂಕಟವಾಗುತ್ತದೆ. ಬಸ್ಸಿನ ಡ್ರೈವರ್, ಕಂಡಕ್ಟರ್, ಡಿಪೊ ಮೆಕ್ಯಾನಿಕ್, ಸಕ್ಕರೆ ಕಾರ್ಖಾನೆಯ ಕೆಲಸಗಾರ, ಕೋಳಾರ ಕೈಗಾರಿಕಾ ಪ್ರದೇಶದ ಫಿಟ್ಟರ್: ಇವರೆಲ್ಲ ಭವಿಷ್ಯನಿಧಿಯ 1995ರ ಪಿಂಚಣಿ ಯೋಜನೆಯವರು. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ನೋಡಿದವರು ಅದರ ಕಂಡಕ್ಟರನನ್ನು ಸರ್ಕಾರಿ ನೌಕರ ಎಂದೇ ತಿಳಿಯುತ್ತಾರೆ. ಪಿಂಚಣಿಯ ಹೊತ್ತಿಗೆ ಅವನು ಸರ್ಕಾರಿ ಅಲ್ಲ. ಈ ಯೋಜನೆಯಲ್ಲಿ ಪಿಂಚಣಿ ಲೆಕ್ಕ ಹಾಕುವ ವೇತನಕ್ಕೇ ಮಿತಿ ಇದೆ. 2014ರ ಆಗಸ್ಟ್‌ವರೆಗೆ 6,500, ಆಮೇಲೆ 15,000. ಆ ವೇತನವನ್ನು ಸೇವೆಯ ವರ್ಷದಿಂದ ಗುಣಿಸಿ 70ರಿಂದ ಭಾಗಿಸಬೇಕು. 1996ರ ಸುಮಾರಿಗೆ ಸೇರಿ 2024ರಲ್ಲಿ 58 ತುಂಬಿದವರಿಗೆ ಎಲ್ಲ ಕೂಡಿ ನಾಲ್ಕು ಸಾವಿರದ ಆಸುಪಾಸು ಬರುತ್ತದೆ. ಕನಿಷ್ಠ ಪಿಂಚಣಿ 2014ರಿಂದ 1,000 ರೂಪಾಯಿ. ಅದನ್ನು 7,500 ಮಾಡಿ ಎಂದು ಪಿಂಚಣಿದಾರರು ವರ್ಷಗಳಿಂದ ಕೇಳುತ್ತಿದ್ದಾರೆ.

ಶಿವನಗರದ ಕಡೆ ಕಿರಾಯಿ ಮನೆಯಲ್ಲಿರುವ ಒಬ್ಬ ನಿವೃತ್ತ ಕಂಡಕ್ಟರರ ನೋಟ್‌ಬುಕ್ ನಾನು ನೋಡಿದ್ದೇನೆ. ವೇಬಿಲ್ ಬರೆದು ಬರೆದು ಕೈಗೆ ಬಂದ ರೂಢಿ, ತಿಂಗಳ ಲೆಕ್ಕವನ್ನೂ ಹಾಗೇ ಗೆರೆ ಎಳೆದು ಬರೆಯುತ್ತಾರೆ. ಎಡಗಡೆ ಜಮಾ: ಪಿಂಚಣಿ 4,100, ಹೆಂಡತಿಯ ಗೃಹಲಕ್ಷ್ಮಿ 2,000. ಬಲಗಡೆ ಖರ್ಚು: ಕಿರಾಯಿ 5,000. ಲೈಟ್ ಬಿಲ್ಲಿನ ಎದುರು ಸೊನ್ನೆ, ಗೃಹಜ್ಯೋತಿಯಲ್ಲಿ ಬಾಡಿಗೆದಾರರಿಗೂ 200 ಯೂನಿಟ್‌ವರೆಗೆ ಬಿಲ್ ಇಲ್ಲ. ರೇಷನ್ ಅಕ್ಕಿಯ ಎದುರೂ ಸೊನ್ನೆ. ಗೆರೆಯ ಕೆಳಗೆ ಉಳಿದದ್ದು 1,100. ಹಾಲು, ಎಣ್ಣೆ, ತೊಗರಿಬೇಳೆ, ಸಿಲಿಂಡರ್, ಇಬ್ಬರ ಗುಳಿಗೆ, ಎಲ್ಲ ಅದರಲ್ಲೇ ಆಗಬೇಕು. ಗುಳಿಗೆಯ ಸಾಲಿನ ಮುಂದೆ ಕೆಲವು ತಿಂಗಳು ಅಂಕಿಯೇ ಇಲ್ಲ. ಆ ತಿಂಗಳು ಗುಳಿಗೆ ತಂದಿಲ್ಲ. ಪಿಎಫ್, ಗ್ರಾಚುಟಿ ಎಲ್ಲಿ ಹೋಯಿತು ಎಂದು ಕೇಳುವ ಹಕ್ಕು ನನಗಿರಲಿಲ್ಲ, ಅವರೇ ಹೇಳಿದರು. ಅರ್ಧ ಮಗಳ ಮದುವೆಗೆ, ಅರ್ಧ ಮಗನ ಡಿಪ್ಲೊಮಾಕ್ಕೆ. ಮಗ ಹೈದರಾಬಾದಿನಲ್ಲಿದ್ದಾನೆ. ಅವನದೂ ಕಿರಾಯಿ ಮನೆ.

ನಾಲ್ಕನೆಯ ಪಂಗಡಕ್ಕೆ ನಿವೃತ್ತಿ ಎಂಬ ದಿನವೇ ಇಲ್ಲ. ಗಾಂಧಿಗಂಜಿನ ಹಮಾಲರು, ಬಿದ್ರಿ ಕೆಲಸದ ಕಾರಿಗರರು, ಮನೆಗೆಲಸದ ಹೆಣ್ಣುಮಕ್ಕಳು, ಅನುದಾನವಿಲ್ಲದ ಶಾಲೆಯ ಮಾಸ್ತರರು. ಮೈಯಲ್ಲಿ ಕಸುವು ಇರುವತನಕ ಕೂಲಿ. ಆಮೇಲೆ ಸಂಧ್ಯಾ ಸುರಕ್ಷಾ, 65 ತುಂಬಿದವರಿಗೆ ತಿಂಗಳಿಗೆ 1,200 ರೂಪಾಯಿ. ಆ ಹಣಕ್ಕೆ ಬೀದರದಲ್ಲಿ ಪತ್ರಾ ಹೊದಿಸಿದ ಒಂದು ಖೋಲಿಯೂ ಸಿಗುವುದು ಕಷ್ಟ.

ಇವರೆಲ್ಲರ ಹಿಂದೆ ಇನ್ನೂ ಕೆಲವರು ನಿಂತಿದ್ದಾರೆ, ಇವರ ವಿಧವೆಯರು. ನಮ್ಮ ಕಡೆ ಗಂಡ ಮೊದಲು ಹೋಗುವುದೇ ಹೆಚ್ಚು. ರಾಜ್ಯ ನೌಕರನ ಪಿಂಚಣಿ ವೇತನದ ಅರ್ಧವಿದ್ದದ್ದು ಸಾಮಾನ್ಯ ಕುಟುಂಬ ಪಿಂಚಣಿಯಲ್ಲಿ ಶೇ. 30ಕ್ಕೆ ಇಳಿಯುತ್ತದೆ. ಭವಿಷ್ಯನಿಧಿಯಲ್ಲಿ ವಿಧವೆಗೆ ಗಂಡನ ಪಿಂಚಣಿಯ ಅರ್ಧ. ನಾಲ್ಕು ಸಾವಿರವಿದ್ದದ್ದು ಎರಡು ಸಾವಿರ ಆಗುತ್ತದೆ. ಊಟ ಒಬ್ಬರದಾದರೆ ಅರ್ಧವಾಗಬಹುದು, ಬಾಡಿಗೆ ಅರ್ಧವಾಗುವುದಿಲ್ಲ. ದಿವಸ ಮುಗಿಯುವ ಮೊದಲೇ ಮನೆ ಬಿಡುವ ಮಾತು ಶುರುವಾಗುತ್ತದೆ.

ಈಗ ಬಾಡಿಗೆಯ ಕಡೆ ಬರೋಣ. ಬೀದರ ಚಿಕ್ಕ ಊರು, ಇಲ್ಲಿ ಬಾಡಿಗೆ ಏನು ಮಹಾ ಎಂದು ಬೆಂಗಳೂರಿನವರು ಹೇಳುತ್ತಾರೆ. ಬೆಂಗಳೂರಿಗೆ ಹೋಲಿಸಿದರೆ ಸರಿ. ಆದರೆ 2011ರ ಜನಗಣತಿಯಲ್ಲಿ 2 ಲಕ್ಷ 16 ಸಾವಿರ ಜನರಿದ್ದ ಈ ಊರಿಗೆ ಬಂದು ಹೋಗುವವರು ಬಹಳ. ವಾಯುಸೇನೆಯ ತರಬೇತಿ ಕೇಂದ್ರವಿದೆ, ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ, ಬ್ರಿಮ್ಸ್ ವೈದ್ಯಕೀಯ ಕಾಲೇಜಿದೆ, ಎಂಜಿನಿಯರಿಂಗ್ ಕಾಲೇಜಿದೆ. 1989ರಲ್ಲಿ ಸಣ್ಣದಾಗಿ ಶುರುವಾದ ಶಾಹೀನ್ ಶಿಕ್ಷಣ ಸಂಸ್ಥೆ ಬೆಳೆದ ಮೇಲೆ ನೀಟ್ ಪರೀಕ್ಷೆಗೆ ಓದುವ ಮಕ್ಕಳು ಹೊರರಾಜ್ಯಗಳಿಂದಲೂ ಬರುತ್ತಾರೆ. ಊರಿಗೆ ಇದು ಹೆಮ್ಮೆ. ಮನೆಯ ಮಾಲಕನಿಗೆ ಲಾಭ. ಒಂದು ಹಾಲ್, ಎರಡು ಖೋಲಿಯ ಮನೆಯಲ್ಲಿ ನಾಲ್ಕು ಹುಡುಗರನ್ನು ಇಟ್ಟರೆ ತಲೆಗೆ ಇಷ್ಟೆಂದು ವಸೂಲಾಗುತ್ತದೆ. ಅದೇ ಮನೆಯನ್ನು ಒಬ್ಬ ಪಿಂಚಣಿದಾರ ಒಂಟಿ ಆದಾಯದಲ್ಲಿ ಹಿಡಿಯಬೇಕು. ಗುಂಪಾ, ಮೈಲೂರು, ಶಿವನಗರ, ಆದರ್ಶ ಕಾಲೊನಿ, ಎಲ್ಲಿ ಕೇಳಿದರೂ ಹೊಸ ಬಾಡಿಗೆದಾರನಿಗೆ ಹೊಸ ದರ.

ಚೌಬಾರಾದ ಸುತ್ತಿನ ಹಳೆ ಊರಿನಲ್ಲಿ ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ. ಮುರಮಿನ ಕಲ್ಲಿನ ದಪ್ಪ ಗೋಡೆ, ಬೇಸಿಗೆಯಲ್ಲಿ ತಂಪು. ಆದರೆ ಪಾಯಖಾನೆ ಅಂಗಳದ ಆಚೆ, ಹೊಸ್ತಿಲು ಮೊಣಕಾಲೆತ್ತರ, ಓಣಿಯಲ್ಲಿ ಆಟೊ ತಿರುಗುವುದಿಲ್ಲ. ರಾತ್ರಿ ಎದೆನೋವು ಬಂದರೆ ರೋಗಿಯನ್ನು ಹೊತ್ತು ತರಬೇಕು. ಹೊಸ ಬಡಾವಣೆಗಳ ಕಷ್ಟ ಬೇರೆ. ಮಾಲಕ ಕೆಳಗಿರುತ್ತಾನೆ, ಕಿರಾಯಿ ಮೇಲೆ. ಜಾಗ ಉಳಿಸಲು ಮನೆಯ ಹೊರಗೋಡೆಗೆ ಅಂಟಿಸಿ ಕಟ್ಟಿದ ಮೆಟ್ಟಿಲು ಎರಡೂವರೆ ಅಡಿ ಅಗಲ, ಒಂದೊಂದು ಮೆಟ್ಟಿಲು ಏಳೆಂಟು ಇಂಚು ಎತ್ತರ, ಹಿಡಿಯಲು ಕಬ್ಬಿಣದ ಪೈಪು ಒಂದೇ ಕಡೆ. ಮಳೆಗಾಲದಲ್ಲಿ ಜಾರುತ್ತದೆ. ‘ಮ್ಯಾಲಿನ ಮನಿ ಖಾಲಿ ಅದಾ ಕಾಕಾ, ಹತ್ತಲಾಕ್ ಆಗ್ತದಾ?’ ಎಂದು ಮಾಲಕರು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಆಗುತ್ತದೆ ಎಂದು ಹೇಳಿ ಹಿಡಿದ ಮನೆಯಿಂದ ಎರಡು ವರ್ಷಕ್ಕೆ ಇಳಿಯುವುದೇ ನಿಲ್ಲುತ್ತದೆ. ಮುಪ್ಪಿಗೆ ಬೇಕಾದದ್ದು ಕೆಳಗಿನ ಮನೆ. ಕೆಳಗಿನದು ಮಾಲಕನ ಸ್ವಂತಕ್ಕೆ, ಇಲ್ಲವೇ ಅಂಗಡಿಗೆ. ಸಿಕ್ಕರೆ ದರ ಹೆಚ್ಚು.

ಹಣವಿದ್ದರೂ ಮನೆ ಸಿಗದ ಸಂದರ್ಭಗಳಿವೆ. ವಯಸ್ಸಾದ ದಂಪತಿ ಎಂದರೆ ಕೆಲವು ಮಾಲಕರು ಹಿಂಜರಿಯುತ್ತಾರೆ. ನಾಳೆ ಹಾಸಿಗೆ ಹಿಡಿದರೆ ಯಾರು ನೋಡಬೇಕು, ಮನೆಯಲ್ಲಿ ಸಾವಾದರೆ ಹೇಗೆ ಎಂಬ ಅಂಜಿಕೆ. ಜಪಾನಿನಲ್ಲಿ ಇದೇ ಅಂಜಿಕೆ ದೊಡ್ಡ ಸಮಸ್ಯೆಯಾಗಿ, ವೃದ್ಧರನ್ನು ನಿರಾಕರಿಸುವುದಿಲ್ಲ ಎಂದು ಒಪ್ಪಿದ ಬಾಡಿಗೆ ಮನೆಗಳನ್ನು ನೋಂದಾಯಿಸುವ ವ್ಯವಸ್ಥೆಯನ್ನು 2017ರಲ್ಲಿ ಕಾನೂನು ತಿದ್ದಿ ತಂದರು. ನಮ್ಮಲ್ಲಿ ಇದರ ಮೇಲೆ ಇನ್ನೊಂದು ಗೋಡೆ. ‘ಯಾವ ಮಂದಿ?’ ಎಂಬ ಪ್ರಶ್ನೆ ಬೆಲೆಯ ಮಾತಿಗಿಂತ ಮೊದಲು ಬರುತ್ತದೆ. ಮೂವತ್ತೈದು ವರ್ಷ ಸರ್ಕಾರದ ಕುರ್ಚಿಯಲ್ಲಿ ಕೂತು ಬಂದ ದಲಿತ ಅಧಿಕಾರಿ, ಸಾವಿರಾರು ಮಕ್ಕಳಿಗೆ ಕನ್ನಡ ಕಲಿಸಿದ ಮುಸ್ಲಿಂ ಶಿಕ್ಷಕಿ, ನಿವೃತ್ತಿಯ ಮರುತಿಂಗಳು ಮನೆ ಹುಡುಕುವಾಗ ಹೆಸರು ಹೇಳಿದ ಮೇಲೆ ‘ಮನಿ ಈಗಷ್ಟೇ ಕೊಟ್ಟೇವ್ರಿ’ ಎಂಬ ಮಾತು ಕೇಳಬೇಕಾಗುತ್ತದೆ. ಬಸವಣ್ಣನವರ ಕಲ್ಯಾಣ ಇರುವ ಜಿಲ್ಲೆಯಲ್ಲಿ ಇದು ನಡೆಯುವುದು ನಾಚಿಕೆಯ ವಿಷಯ.

ಕಾನೂನು ಏನು ಹೇಳುತ್ತದೆ? ಹೈದರಾಬಾದ್ ರಾಜ್ಯದ ಕಾಲದಲ್ಲಿ ನಮ್ಮ ಭಾಗಕ್ಕೆ 1954ರ ಬಾಡಿಗೆ ನಿಯಂತ್ರಣ ಕಾಯ್ದೆ ಇತ್ತು. ಆಮೇಲೆ 1961ರ ಮೈಸೂರು ಕಾಯ್ದೆ ಬಂತು, ಈಗ ಇರುವುದು 1999ರ ಕರ್ನಾಟಕ ಬಾಡಿಗೆ ಅಧಿನಿಯಮ. ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500, ಉಳಿದ ಕಡೆ 2,000 ರೂಪಾಯಿ ಮೀರಿದ ಮನೆಗಳು ಈ ಕಾಯ್ದೆಯ ಹೊರಗೆ. ಇವತ್ತು ಬೀದರದಲ್ಲಿ ಸಂಸಾರ ಹೂಡಬಹುದಾದ ಯಾವ ಮನೆ 2,000ಕ್ಕೆ ಸಿಗುತ್ತದೆ? ಹೀಗಾಗಿ ಕಾಯ್ದೆ ಪುಸ್ತಕದಲ್ಲಿದ್ದರೂ ಬಾಡಿಗೆದಾರರಲ್ಲಿ ಬಹುಪಾಲು ಜನರಿಗೆ ಅದರ ನೆರಳಿಲ್ಲ. ಅವರ ಕೈಯಲ್ಲಿರುವುದು ಹನ್ನೊಂದು ತಿಂಗಳ ಕರಾರು ಪತ್ರ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಆ ಖರ್ಚು ತಪ್ಪಿಸಲು ಹುಟ್ಟಿದ ರೂಢಿ ಇದು. ಇಪ್ಪತ್ತೈದರ ಹುಡುಗನಿಗೆ ಹನ್ನೊಂದು ತಿಂಗಳು ಸಾಕು. ಎಪ್ಪತ್ತರ ಮುದುಕನಿಗೆ ವರ್ಷ ವರ್ಷ ‘ಮುಂದುವರಿಸ್ತೀರಾ?’ ಎಂದು ಕೇಳುವುದು ಮೈ ಹಿಂಡುವ ಕೆಲಸ. ಮನೆ ಬದಲಾದರೆ ರೇಷನ್ ಕಾರ್ಡು, ಆಧಾರ್, ಗ್ಯಾಸ್, ಮತದಾರರ ಪಟ್ಟಿ, ಎಲ್ಲದರ ವಿಳಾಸ ಬದಲಿಸಬೇಕು. ಪರಿಚಯದ ಔಷಧದ ಅಂಗಡಿ, ಉದ್ರಿ ಕೊಡುವ ಕಿರಾಣಿಯವರು ಕೈತಪ್ಪುತ್ತಾರೆ.

1999ರ ಬಾಡಿಗೆ ಅಧಿನಿಯಮದ 31ನೇ ಕಲಮಿನಲ್ಲಿ ಮುಪ್ಪಿನ ಪ್ರಸ್ತಾಪ ಇದೆ. ಮನೆಯ ಒಡೆಯರು ವಿಧವೆಯಾಗಿದ್ದರೆ, ಅಂಗವಿಕಲರಾಗಿದ್ದರೆ, 65 ದಾಟಿದವರಾಗಿದ್ದರೆ, ತಮ್ಮ ಬಳಕೆಗಾಗಿ ಮನೆಯನ್ನು ಬೇಗ ಬಿಡಿಸಿಕೊಳ್ಳುವ ವಿಶೇಷ ಹಕ್ಕು ಅವರಿಗುಂಟು. 65 ದಾಟಿದ ಬಾಡಿಗೆದಾರನಿಗೆ ಅಂಥ ಕಲಮಿಲ್ಲ. ಇದನ್ನು ಓದಿ ಮೊದಲು ನನಗೆ ಸಿಟ್ಟು ಬಂತು. ಆಮೇಲೆ ನೌಬಾದಿನಲ್ಲಿ, ಮೈಲೂರಿನಲ್ಲಿ ಮನೆ ಬಾಡಿಗೆಗೆ ಕೊಟ್ಟವರು ಯಾರು ಎಂದು ಒಬ್ಬೊಬ್ಬರನ್ನೇ ನೆನೆದುಕೊಂಡೆ. ಹೆಚ್ಚಿನವರು ಅವರೂ ನಿವೃತ್ತರೇ. ಗ್ರಾಚುಟಿ ಸುರಿದು, ಬ್ಯಾಂಕ್ ಸಾಲ ಮಾಡಿ, ಮೇಲೊಂದು ಮನೆ ಎಬ್ಬಿಸಿ, ಅದರ ಕಿರಾಯಿಯಲ್ಲಿ ಕಂತು ಕಟ್ಟುವ ಮಾಸ್ತರರು. ಗಂಡ ತೀರಿದ ಮೇಲೆ ಎರಡು ಖೋಲಿ ಬಾಡಿಗೆಗೆ ಕೊಟ್ಟು ಅದರಲ್ಲೇ ಬದುಕುವ ತಾಯಂದಿರು. ನಮ್ಮ ಊರುಗಳಲ್ಲಿ ಒಬ್ಬ ಮುದುಕನ ಬಾಡಿಗೆ ಇನ್ನೊಬ್ಬ ಮುದುಕಿಯ ಪಿಂಚಣಿ. ಬಾಡಿಗೆಗೆ ಸರ್ಕಾರ ಮಿತಿ ಹಾಕಲಿ ಎಂದು ಕೂಗುವುದು ಸುಲಭ. ಹಾಕಿದರೆ ಏಟು ಬೀಳುವುದು ಯಾವುದೋ ದೊಡ್ಡ ಬಂಡವಾಳಗಾರನಿಗಲ್ಲ, ಕೆಳಗಿನ ಮನೆಯ ಆ ತಾಯಿಗೆ. ಬಾಡಿಗೆದಾರನ ಕೈಗೆ ಬಲ ಕೊಡುವುದೇ ಸರಿಯಾದ ದಾರಿ ಎಂಬ ನನ್ನ ಅಭಿಪ್ರಾಯಕ್ಕೆ ಇದೇ ಕಾರಣ.

ಕೆಲವರು ಕೇಳುತ್ತಾರೆ: ಬೀದರ ತುಟ್ಟಿಯಾದರೆ ಭಾಲ್ಕಿಗೆ ಹೋಗಬಹುದಲ್ಲ, ಔರಾದಕ್ಕೆ ಹೋಗಬಹುದಲ್ಲ? ಭಾಲ್ಕಿ ಒಳ್ಳೆಯ ಆಯ್ಕೆಯೇ. ಬೀದರಕ್ಕೆ ನಲವತ್ತು ಕಿಲೋಮೀಟರ್ ಆಸುಪಾಸು, ರೈಲು ಇದೆ, ಬಸ್ಸು ಇದೆ, ಹಿರೇಮಠದ ಆಸರೆಯಿಂದ ಬೆಳೆದ ಶಾಲೆ ಕಾಲೇಜುಗಳ ವಾತಾವರಣವಿದೆ. ಬಾಡಿಗೆ ಬೀದರಕ್ಕಿಂತ ಕಡಿಮೆ. ಆ ಕಡೆಯ ಹಳ್ಳಿಗಳಿಂದ ಬಂದ ನಿವೃತ್ತರಿಗೆ ನೆಂಟರಿಷ್ಟರೂ ಹತ್ತಿರ. ಔರಾದದಲ್ಲಿ ಬಾಡಿಗೆ ಇನ್ನೂ ಇಳಿಯುತ್ತದೆ, ಆದರೆ ಅಲ್ಲಿ ಕೊಡುವ ಮನೆಗಳೇ ಕಡಿಮೆ. ಔರಾದದಲ್ಲಿ ನೌಕರಿ ಮಾಡುವವರೇ ಎಷ್ಟೋ ಜನ ಬೀದರದಲ್ಲಿ ಮನೆ ಮಾಡಿ ದಿನಾ ಓಡಾಡುತ್ತಾರೆ. ಬೇಸಿಗೆಯಲ್ಲಿ ನೀರಿನ ತಾಪತ್ರಯ. ದೊಡ್ಡ ತಪಾಸಣೆಗೆ, ಹೃದಯದ ಡಾಕ್ಟರಿಗೆ ಬೀದರಕ್ಕೇ ಬರಬೇಕು. ಶಕ್ತಿ ಯೋಜನೆಯಲ್ಲಿ ಹೆಂಡತಿಗೆ ಬಸ್ಸು ಬಿಟ್ಟಿ, ಗಂಡನಿಗೆ ಹಿರಿಯರ ಶೇ. 25 ರಿಯಾಯಿತಿ. ತಿಂಗಳಿಗೊಮ್ಮೆ ಹೋಗಿಬರುವಷ್ಟು ಆರೋಗ್ಯವಿದ್ದರೆ ಲೆಕ್ಕ ಕೂಡುತ್ತದೆ. ವಾರಕ್ಕೆರಡು ಸಲ ಡಯಾಲಿಸಿಸ್ ಬೇಕಾದವರಿಗೆ ಕೂಡುವುದಿಲ್ಲ. ಮನೆಯ ಬಾಡಿಗೆಗೆ ದವಾಖಾನೆಯ ದಾರಿಖರ್ಚನ್ನು ಕೂಡಿಸಿಯೇ ಊರು ಆರಿಸಬೇಕು.

ಕೈಯಲ್ಲಿ ಸ್ವಲ್ಪ ಗಂಟಿರುವವರು ಅದನ್ನು ಬಾಡಿಗೆಗಾಗಿ ಹೇಗೆ ದುಡಿಸಬೇಕು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ, ಅದಕ್ಕೇ ಇಲ್ಲಿ ಲೆಕ್ಕ ಬಿಡಿಸುತ್ತೇನೆ. ಅರವತ್ತು ತುಂಬಿದಾಗ ಬಾಡಿಗೆ 5,000, ವರ್ಷಕ್ಕೆ ಶೇ. 5 ಏರುತ್ತದೆ ಎಂದು ಹಿಡಿಯಿರಿ. ಎಪ್ಪತ್ತನೇ ವಯಸ್ಸಿಗೆ ಅದು 8,100 ದಾಟುತ್ತದೆ, ಎಂಬತ್ತಕ್ಕೆ 13,200 ದಾಟುತ್ತದೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಬಡ್ಡಿ ಶೇ. 8.2 ಎಂದಾದರೆ, 7 ಲಕ್ಷ 32 ಸಾವಿರ ಇಟ್ಟವರಿಗೆ ತಿಂಗಳಿಗೆ 5,000 ಬರುತ್ತದೆ. ಮೊದಲ ವರ್ಷ ಬಾಡಿಗೆಗೆ ಸರಿಹೋಯಿತು. ಎರಡನೇ ವರ್ಷದಿಂದ ಕಡಿಮೆ ಬೀಳುತ್ತದೆ. ಇಪ್ಪತ್ತು ವರ್ಷ ಏರುವ ಬಾಡಿಗೆಯನ್ನು ಪೂರೈಸಿ, ಕೊನೆಗೆ ಗಂಟೂ ಕರಗಿಹೋಗಲಿ ಎಂದು ಲೆಕ್ಕ ಹಾಕಿದರೆ ಇವತ್ತು ಒಂಬತ್ತು ಲಕ್ಷದ ಆಸುಪಾಸು ಬೇರೆ ಇಡಬೇಕು. ನೌಕರಿ ಮುಗಿದ ವರ್ಷವೇ ಈ ಒಂಬತ್ತು ಲಕ್ಷವನ್ನು ‘ಮನೆಯ ಹಣ’ ಎಂದು ಬೇರೆ ಖಾತೆಯಲ್ಲಿಟ್ಟು, ಮದುವೆ ಬರಲಿ ಮುಂಜಿ ಬರಲಿ ಮುಟ್ಟುವುದಿಲ್ಲ ಎಂದು ಗಟ್ಟಿಯಾಗಿ ಕೂತವರು ಬದುಕಿಕೊಳ್ಳುತ್ತಾರೆ. ಕೂರಲಾಗದವರೇ ಹೆಚ್ಚು. ಮಕ್ಕಳ ಮೇಲಿನ ಕರುಳನ್ನು ನಾನು ತಪ್ಪೆನ್ನಲಾರೆ.

ಭೋಗ್ಯದ ಮನೆಯ ಆಸೆ ತೋರಿಸುವವರೂ ಇದ್ದಾರೆ. ಐದೋ ಆರೋ ಲಕ್ಷ ಒಟ್ಟಿಗೆ ಕೊಟ್ಟು ಮೂರು ವರ್ಷ ಬಾಡಿಗೆ ಇಲ್ಲದೆ ಇರುವುದು. ಮಾಲಕರು ನೇರಾಗಿದ್ದರೆ ಇದು ಬ್ಯಾಂಕ್ ಬಡ್ಡಿಗಿಂತ ವಾಸಿ. ಆದರೆ ಆ ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದರೆ, ಮಾಲಕ ಹಣ ಮರಳಿಸಲಾಗದೆ ಕೈಚೆಲ್ಲಿದರೆ, ಜೀವಮಾನದ ಗಂಟು ಕೋರ್ಟಿನ ಮೆಟ್ಟಿಲಲ್ಲಿ ಕುಳಿತುಬಿಡುತ್ತದೆ. ಋಣಭಾರ ಪತ್ರ ತೆಗೆಸದೆ, ಭೋಗ್ಯದ ಪತ್ರ ನೋಂದಣಿ ಮಾಡಿಸದೆ ಒಂದು ರೂಪಾಯಿಯನ್ನೂ ಕೊಡಬಾರದು. ನಿವೃತ್ತರು ನಂಬಿಕೆಯ ಮೇಲೆ ಕೊಟ್ಟುಬಿಡುತ್ತಾರೆ. ಅವರ ಕಾಲದ ವ್ಯವಹಾರ ಹಾಗಿತ್ತು.

ಇನ್ನೊಂದು ನಮ್ಮೂರಿನದೇ ಕಾಯಿಲೆ: ಪ್ಲಾಟು. ನೌಕರಿಯಲ್ಲಿದ್ದಾಗ ಎಲ್ಲರೂ ಒಂದು ಪ್ಲಾಟು ಹಿಡಿದಿರುತ್ತಾರೆ. ಮೂಲೆಯಲ್ಲಿ ನಾಲ್ಕು ಕಲ್ಲು ನೆಟ್ಟು, ವರ್ಷಕ್ಕೊಮ್ಮೆ ಹೋಗಿ ಜಾಲಿ ಕಡಿಸಿ ಬರುತ್ತಾರೆ. ಲೇಔಟು ಕ್ರಮಬದ್ಧವಾಗಿಲ್ಲ, ಖಾತೆ ಇಲ್ಲ, ನೀರಿಲ್ಲ, ಕಟ್ಟಲು ಹಣವಿಲ್ಲ. ‘ಪ್ಲಾಟ್ ಅದಾ, ಮನಿ ಇಲ್ಲ’ ಎನ್ನುವವರನ್ನು ಬೀದರದ ಯಾವ ಪಿಂಚಣಿದಾರರ ಕಟ್ಟೆಯಲ್ಲಾದರೂ ಕಾಣಬಹುದು. ಇಂಥವರು ಒಂದು ಅವಕಾಶ ನೋಡಬೇಕು. 2024ರಲ್ಲಿ ಶುರುವಾದ ಪ್ರಧಾನಮಂತ್ರಿ ನಗರ ಆವಾಸ್ ಯೋಜನೆಯ ಎರಡನೇ ಹಂತದಲ್ಲಿ, ವರ್ಷದ ಆದಾಯ 3 ಲಕ್ಷದೊಳಗಿದ್ದು ದೇಶದಲ್ಲೆಲ್ಲೂ ಪಕ್ಕಾ ಮನೆ ಇಲ್ಲದವರು ಸ್ವಂತ ಜಾಗದಲ್ಲಿ ಕಟ್ಟಿಕೊಳ್ಳಲು ಕೇಂದ್ರದ ಪಾಲು 1.5 ಲಕ್ಷ, ರಾಜ್ಯದ ಪಾಲು ಅದರ ಮೇಲೆ. ಭವಿಷ್ಯನಿಧಿ ಪಿಂಚಣಿಯವರ ಆದಾಯ ಈ ಮಿತಿಯೊಳಗೇ ಬರುತ್ತದೆ. ಜಾಗದ ಕಾಗದ ನೇರಾಗಿರಬೇಕು, ಅಷ್ಟೇ. ಅದೇ ಯೋಜನೆಯಲ್ಲಿ ಅಗ್ಗದ ಬಾಡಿಗೆ ಮನೆಗಳ ವಿಭಾಗವೂ ಇದೆ. ಬೀದರದ ನಗರಾಡಳಿತ ಅದನ್ನು ಹಿಡಿದು ಆಸ್ಪತ್ರೆಯ ಹತ್ತಿರ ಐವತ್ತು ನೆಲಮಟ್ಟದ ಖೋಲಿಗಳನ್ನು ಹಿರಿಯರಿಗೆಂದು ಕಟ್ಟಿಸಿದರೆ, ಅದು ಇನ್ನೊಂದು ಸಭಾಭವನಕ್ಕಿಂತ ಹೆಚ್ಚು ಜನರಿಗೆ ಉಪಯೋಗಕ್ಕೆ ಬರುತ್ತದೆ.

1472ರಲ್ಲಿ ಮಹಮೂದ್ ಗವಾನ್ ಇದೇ ಊರಿನಲ್ಲಿ ಮದರಸಾ ಕಟ್ಟಿಸಿದಾಗ, ಓದುವವರಿಗೂ ಓದಿಸುವವರಿಗೂ ಅದರೊಳಗೇ ವಾಸದ ಕೋಣೆಗಳನ್ನು ಇಡಿಸಿದ. ಕೆಲಸದ ಜತೆ ಸೂರನ್ನೂ ಕೊಡಬೇಕೆಂಬ ತಿಳಿವಳಿಕೆ ಬೀದರಕ್ಕೆ ಹೊಸತಲ್ಲ. ಕೆಲಸ ಮುಗಿದ ಮೇಲಿನ ಸೂರಿನ ಬಗ್ಗೆ ಯೋಚಿಸುವ ಸರದಿ ನಮ್ಮದು. ಜರ್ಮನಿಯಲ್ಲಿ ಕಡಿಮೆ ಆದಾಯದ ಬಾಡಿಗೆದಾರರಿಗೆ ವೋನ್‌ಗೆಲ್ಟ್ ಎಂಬ ನೆರವಿದೆ, ಅದನ್ನು ಪಡೆಯುವವರಲ್ಲಿ ನಿವೃತ್ತರ ಪಾಲು ದೊಡ್ಡದು. ಬ್ರಿಟನ್ನಿನಲ್ಲಿ ಪಿಂಚಣಿ ವಯಸ್ಸಿನ ಬಡ ಬಾಡಿಗೆದಾರರಿಗೆ ವಸತಿ ಭತ್ಯೆ ಇದೆ. ನಮ್ಮ ಸರ್ಕಾರಕ್ಕೂ ಈ ಕೆಲಸ ಹೊಸದಲ್ಲ, ನೌಕರಿಯಲ್ಲಿದ್ದವರಿಗೆ ಮನೆ ಬಾಡಿಗೆ ಭತ್ಯೆಯನ್ನು ಕೊಡುತ್ತಲೇ ಬಂದಿದೆ. ಸ್ವಂತ ಮನೆ ಇಲ್ಲವೆಂದು ಪ್ರಮಾಣ ಕೊಟ್ಟ ಪಿಂಚಣಿದಾರರಿಗೆ ಅದೇ ಶೇ. 7.5 ಮುಂದುವರಿಸಲಿ. 13,500ರ ಪಿಂಚಣಿಗೆ ಅದು ಸಾವಿರ ರೂಪಾಯಿ ಚಿಲ್ಲರೆ. ಕುಟುಂಬ ಪಿಂಚಣಿಯ ವಿಧವೆಯರಿಗೆ, ಸಂಧ್ಯಾ ಸುರಕ್ಷಾದ ಬಾಡಿಗೆದಾರರಿಗೆ ಇದನ್ನು ಮೊದಲು ಕೊಡಲಿ. ಭವಿಷ್ಯನಿಧಿಯ ಕನಿಷ್ಠ ಪಿಂಚಣಿ ಏರದೆ ಕಂಡಕ್ಟರರ ನೋಟ್‌ಬುಕ್ಕಿನ ಗುಳಿಗೆಯ ಸಾಲು ತುಂಬುವುದಿಲ್ಲ. ಅದು ದೆಹಲಿಯ ಕೆಲಸ, ನಮ್ಮ ಸಂಸದರು ಮಾತನಾಡಬೇಕು. 60 ದಾಟಿದವರ ಹೆಸರಿನ ಮೂರರಿಂದ ಐದು ವರ್ಷದ ಕರಾರಿಗೆ ನೋಂದಣಿ ಖರ್ಚು ಮಾಫಿ ಮಾಡಿದರೆ ಹನ್ನೊಂದು ತಿಂಗಳ ಹೆದರಿಕೆ ತಪ್ಪುತ್ತದೆ. ಬೊಕ್ಕಸಕ್ಕೆ ಇದರಿಂದ ದೊಡ್ಡ ಹೊರೆಯಿಲ್ಲ.

ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಿ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೇಳಬಹುದು. ಬಾಡಿಗೆಯೂ ಜೀವನಾಂಶದ ಭಾಗವೇ. ದಾರಿ ತಿಳಿಯದವರು 14567ಕ್ಕೆ ಕರೆ ಮಾಡಿ ಕೇಳಲಿ. ಆದರೆ ಮಗನೇ ಹೈದರಾಬಾದಿನಲ್ಲಿ ಬಾಡಿಗೆಗೆ ಒದ್ದಾಡುತ್ತಿರುವಾಗ ಅವನ ಮೇಲೆ ಅರ್ಜಿ ಹಾಕಲು ಯಾವ ತಾಯಿ ತಂದೆ ಒಪ್ಪುತ್ತಾರೆ?

ಇದನ್ನು ಓದುತ್ತಿರುವವರಲ್ಲಿ ಮನೆಯ ಮಾಲಕರೂ ಇರುತ್ತೀರಿ. ನಿಮ್ಮಲ್ಲಿ ಕೆಳಗಿನ ಒಂದು ಖೋಲಿ ಖಾಲಿ ಇದ್ದು, ಮಂಡಿ ಹಿಡಿದ ಇಬ್ಬರು ಹಿರಿಯರು ಕೇಳಿಕೊಂಡು ಬಂದರೆ, ಜಾತಿ ಕೇಳಬೇಡಿ, ವಯಸ್ಸು ನೋಡಿ ಹಿಂಜರಿಯಬೇಡಿ. ಮೂರು ವರ್ಷದ ಕರಾರು ಬರೆದುಕೊಡಿ, ವರ್ಷಕ್ಕೆ ಇಷ್ಟೇ ಏರಿಕೆ ಎಂದು ಅದರಲ್ಲೇ ನಮೂದಿಸಿ. ಮೆಟ್ಟಿಲಿಗೆ ಇನ್ನೊಂದು ಕಡೆಯೂ ಕಬ್ಬಿಣದ ಪೈಪು ಹಾಕಿಸಿ.